ತಗಡಕ್ಕನ ತಗಡು

ಗಂಡ ತೀರಿಕೊಂಡ ಎರಡನೆಯ ತಿಂಗಳು ನನಗೆ ಪ್ರಯೋಗಶಾಲೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಮೊದಲ ದಿನವೇ ನಾನು ತೊಳೆದಿಟ್ಟ ಗಾಜಿನ ಬಟ್ಟಲನ್ನು ಒಬ್ಬ ಹೆಂಗಸು ದೀಪಕ್ಕೆ ಹಿಡಿದು ನೋಡಿದಳು.

"ಮನೇಲೂ ಹೀಗೇ ತೊಳೀತೀಯಾ?"

"ಹೂಂ ಅಕ್ಕ."

"ಊಟಕ್ಕೆ ಸಾಕು, ಇಲ್ಲಿಗೆ ಸಾಲದು. ಮೂರು ಸಲ ತೊಳಿ. ಯಾರೂ ನೋಡ್ತಿಲ್ಲ ಅಂತ ಗೊತ್ತಾದ ಮೇಲೆ ನಾಲ್ಕನೇ ಸಲ ತೊಳಿ."

ಎಲ್ಲರೂ ಅವಳನ್ನು ತಗಡಕ್ಕ ಎನ್ನುತ್ತಿದ್ದರು. ಕೂದಲಿಗಿಂತ ತೆಳುವಾದ ತಗಡಿಗೆ ಒಂದು ಭಾರದ ಲೋಹವನ್ನು ಸಮನಾಗಿ ಬಳಿಯುವುದು ಅವಳ ಕೆಲಸ. ತಗಡು ಹಾರೀತೆಂದು ಫ್ಯಾನು ಹಾಕಗೊಡುತ್ತಿರಲಿಲ್ಲ.

ಯಂತ್ರ ನಡೆಸುವವನು ರೇಗಿಸುತ್ತಿದ್ದ: "ಜೋರಾಗಿ ಉಸಿರಾಡೋಕೂ ಬಿಡಲ್ಲ. ಅದಕ್ಕೇ ನಿನಗೆ ಗಂಡ ಸಿಗಲಿಲ್ಲ."

"ಗೊರಕೆಗೆ ತಡೆಯೋ ತಗಡು ಬರಲಿ ಕಣಪ್ಪ, ಆಮೇಲೆ ನೋಡೋಣ."

ಆ ಯಂತ್ರ ಹಗುರ ಪರಮಾಣುಗಳನ್ನು ತಗಡಿಗೆ ಗುರಿಯಿಟ್ಟು ಹೊಡೆಯುತ್ತದೆ. ಕೋಟಿ ಕೋಟಿ ಹೊಡೆತದಲ್ಲಿ ಎಲ್ಲೋ ಒಂದು ಆ ಭಾರದ ಲೋಹದ ಪರಮಾಣುವಿಗೆ ಅಂಟಿಕೊಂಡರೆ, ಪ್ರಪಂಚದಲ್ಲೇ ಇಲ್ಲದ ಹೊಸ ಧಾತು ಹುಟ್ಟುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಒಡೆದುಹೋಗುತ್ತದೆ. ಒಡೆಯುವಾಗ ಸಿಡಿಯುವ ಕಿಡಿಯೇ ಸಾಕ್ಷಿ. ಇದೆಲ್ಲ ಅಕ್ಕ ಹೇಳಿದ್ದು.

"ಅಷ್ಟೇ ಆಯಸ್ಸಾ? ಅದಕ್ಕೆ ಇಷ್ಟೆಲ್ಲ ಯಾಕಕ್ಕಾ?"

"ಹುಟ್ಟಿತ್ತು ಅಂತ ಹೇಳೋಕೆ ಕಣೇ."

ಬಳಿಯುವ ಲೋಹವೂ ಇದ್ದಲ್ಲೇ ಸವೆಯುವಂಥದು. ವರ್ಷ ಕಳೆದರೆ ಅರ್ಧವೇ ಉಳಿಯುತ್ತದೆ. ಹಾಗಾಗಿ ನಮ್ಮ ಮುಖ್ಯಸ್ಥರು ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಳು. ನಾನು ನಾಲ್ಕು ಸಲ ತೊಳೆದಿದ್ದ ಚೌಕಟ್ಟುಗಳಲ್ಲಿ, ಅಕ್ಕ ತೊಳೆದು ಕೂರಿಸಿದ್ದ, ಇನ್ನೂ ಲೋಹ ಬಳಿಯದ ತಗಡುಗಳು ಬಿಳಿ ಕಾಗದದ ಮೇಲೆ ಒಣಗುತ್ತಿದ್ದವು. ಮುಖ್ಯಸ್ಥರು ಪಕ್ಕದ ಕೋಣೆಯಲ್ಲಿ ವಿಕಿರಣ ತಡೆಯುವ ಸೀಸದ ಇಟ್ಟಿಗೆಗಳನ್ನು ತಾವೇ ಜೋಡಿಸಿ ಬಂದರು. ಕೈಗವಸಿರಲಿಲ್ಲ, ಬೆರಳೆಲ್ಲ ಸೀಸದ ಮಸಿ. ಆ ಕೈಯಲ್ಲೇ ಚೌಕಟ್ಟೆತ್ತಿ, ತಗಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, "ಒಣಗಿದೆಯಲ್ಲ, ಇನ್ನೇನು ಕಾಯೋದು?" ಎಂದರು.

ನಾನು ಬಾಯಿ ತೆರೆದೆ.

"ನಿನ್ನ ಕೆಲಸ ನೋಡಮ್ಮ."

ನೋಡಿದೆ. ಅಕ್ಕ ಬಂದಾಗಲೂ ಹೇಳಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು.

ನಾಲ್ಕು ತಿಂಗಳಿಗೆ ಎರಡು ಕಿಡಿ ಕಂಡವು. ಹೊಸ ಧಾತು ಸಿಕ್ಕಿತೆಂದು ಮುಖ್ಯಸ್ಥರ ಚಿತ್ರ ಪತ್ರಿಕೆಯಲ್ಲಿ ಬಂತು. ಬೇರೆ ದೇಶದವರು ಅದನ್ನೇ ಮಾಡಿ ನೋಡಿದರೆ ಏನೂ ಕಾಣಲಿಲ್ಲ. ಕೊನೆಗೆ ನಮ್ಮ ತಗಡನ್ನೇ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಸೀಸ ಸಿಕ್ಕಿತು. ಕಿಡಿ ಎದ್ದದ್ದು ಆ ಸೀಸದಿಂದಲಂತೆ. ಹೊಸದೇನೂ ಹುಟ್ಟಿರಲೇ ಇಲ್ಲ.

ವಿಚಾರಣೆಯಲ್ಲಿ ಮುಖ್ಯಸ್ಥರು, "ತಗಡು ಮಾಡಿದವರನ್ನ ಕೇಳಿ" ಎಂದರು.

ಅಕ್ಕ ಎದ್ದು ನಿಂತಳು. "ತಗಡು ನನ್ನದು. ತಪ್ಪೂ ನನ್ನದೇ ಇರಬೇಕು."

ನಾನು ಬಾಗಿಲ ಬಳಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು.

ಅವಳನ್ನು ಕೆಲಸದಿಂದ ತೆಗೆದರು. ಕನ್ನಡಕದಂಗಡಿಯಲ್ಲಿ ಗಾಜು ಒರೆಸುತ್ತ ಹತ್ತೊಂಬತ್ತು ವರ್ಷ ಸವೆಸಿದಳು. ನನ್ನ ಕೆಲಸ ಖಾಯಂ ಆಯಿತು. ಪ್ರಯೋಗಶಾಲೆಯ ಸಭಾಂಗಣಕ್ಕೆ ಮುಖ್ಯಸ್ಥರ ಹೆಸರಿಟ್ಟರು. ಭಾನುವಾರಗಳಂದು ನಾನು ಅವಳ ಕೋಣೆಗೆ ಹೋಗುತ್ತಿದ್ದೆ. ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಇದನ್ನು ಬರೆಯುತ್ತಿರುವುದೂ ಆ ನಾಲ್ಕಕ್ಷರದಿಂದಲೇ. ತಗಡಿನ ಮಾತನ್ನು ಅವಳು ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಬರಲಿಲ್ಲ.

ಕೊನೆಯ ಭಾನುವಾರ ಆಸ್ಪತ್ರೆಯಲ್ಲಿ ಅವಳ ಲೋಟ ತೊಳೆದು ತಂದುಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿ ನೋಡಿದಳು. ನೀರು ಹಾಕಿಸಿಕೊಳ್ಳಲಿಲ್ಲ.

"ನಿಜ ಹೇಳೇ, ಬೈಯಲ್ಲ. ಅವತ್ತು ಆ ಚೌಕಟ್ಟುಗಳನ್ನ ನಾಲ್ಕನೇ ಸಲ ತೊಳೆದಿದ್ಯೇನೇ?"