ಕಡಲ ಕೋಟೆಯ ಗಾರೆ

ಸುಣ್ಣ ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ: ಬಿಸಿಯಾದದ್ದು, ಒಣಗಿದ್ದು, ಮೂಗಿನೊಳಗೆ ಚುರ್ರೆನ್ನುವಂಥದ್ದು. ಮೊನ್ನೆ ಪುಣೆಯ ಸದಾಶಿವ ಪೇಠದಲ್ಲಿ ಅದು ನನ್ನನ್ನು ಹಿಡಿದು ನಿಲ್ಲಿಸಿತು. ಹಳೆಯ ವಾಡೆಯೊಂದನ್ನು ಪ್ರವಾಸಿಗರ ಹೋಟೆಲು ಮಾಡುತ್ತಿದ್ದರು. ಅಂಗಳದಲ್ಲಿ ಡ್ರಮ್ಮು ತುಂಬ ಸುಣ್ಣ ಕುದಿಯುತ್ತಿತ್ತು. ಗೇಟಿಗೆ ಕಟ್ಟಿದ ಫಲಕದಲ್ಲಿ ಕಡಲ ಕೋಟೆಯ ಚಿತ್ರ, ಕೆಳಗೆ ದಿಲ್ಲಿ ಬಿಟ್ಟು ಬೇರೆ ಊರು ನೋಡಿ ಎಂಬ ಉಪದೇಶ. ದಿಲ್ಲಿ ನೋಡಿ ದಣಿದವರಿಗೆ ಈಗ ಇತಿಹಾಸ ಬೇಕು, ಅಲೆ ಬೇಕು, ಎರಡರ ನಡುವೆ ಹುರಿದ ಮೀನೂ ಬೇಕು. ದಿಲ್ಲಿ ಬೇಡ ಎಂಬ ಇದೇ ಮಾತನ್ನು, ಇದೇ ಊರಿನ ಕೊಂಢವಾ ಬಡಾವಣೆಯ ತಗಡಿನ ಮನೆಯಲ್ಲಿ ಒಬ್ಬ ಮುದುಕ ಆಡಿದಾಗ ನಾವು ನಕ್ಕಿದ್ದೆವು.

ಅವನು ನನ್ನ ಮುತ್ತ್ಯಾ, ಅಪ್ಪನ ಅಪ್ಪ. ಕಲಬುರಗಿ ಕಡೆಯಿಂದ ಬಂದ ಗೌಂಡಿ. ಸುಣ್ಣದ ಗಾರೆಯ ಕೆಲಸದವನು. ಗಾರೆ ಹದವಾಯಿತೇ ಎಂದು ತಿಳಿಯಲು ಚಿಟಿಕೆಯಷ್ಟನ್ನು ನಾಲಿಗೆಯ ತುದಿಗೆ ಇಡುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಉಗುಳುತ್ತಿದ್ದ. ಹಳೆಯ ಗೋಡೆಯನ್ನು ನೆಕ್ಕಿ, ಇದಕ್ಕೆ ಬೆಲ್ಲ ಇಷ್ಟು ಬಿದ್ದಿದೆ, ಅಳಲೆಕಾಯಿ ಇಷ್ಟು ಎಂದು ಹೇಳುತ್ತಿದ್ದ. ಪುಣೆಯಲ್ಲಿ ಆ ವಿದ್ಯೆ ಯಾರಿಗೂ ಬೇಕಿರಲಿಲ್ಲ. ಸಿಮೆಂಟಿನ ಗೌಂಡಿಯಾಗಿದ್ದ ಮಗನ ಕೈಕೆಳಗೆ ಅವನು ಬುಟ್ಟಿ ಹೊರುತ್ತಿದ್ದ. ಆ ಮನೆಗೆ ಹೂಬಳ್ಳಿ ಹಬ್ಬಿಸಿ ನೆನೆಯುವುದು ಸುಲಭ. ನೆನಪು ಅಂಥ ಅಗ್ಗದ ಅಲಂಕಾರಕ್ಕೆ ಸದಾ ಸಿದ್ಧ. ಬಳ್ಳಿ ಇರಲಿಲ್ಲ. ಮಧ್ಯಾಹ್ನ ಕಾಯುವ ತಗಡು, ಸಿಮೆಂಟು ಚೀಲದ ಪರದೆ, ಅವ್ವ ರೊಟ್ಟಿ ಬಡಿಯುವ ಸದ್ದು, ಇಷ್ಟೇ ಇದ್ದದ್ದು.

ಒಂದು ಬೇಸಿಗೆ ಅಪ್ಪ ಎಲ್ಲರನ್ನೂ ಯಾವುದಾದರೂ ಊರು ನೋಡಲು ಕರೆದೊಯ್ಯುತ್ತೇನೆಂದ. ನಾನು ದಿಲ್ಲಿ ಎಂದೆ. ನನ್ನ ತರಗತಿಯ ಹುಡುಗರ ಬಳಿ ಕೆಂಪುಕೋಟೆಯ ಮುಂದೆ ಹಲ್ಲು ಕಿರಿದ ಫೋಟೋಗಳಿದ್ದವು; ನನಗೂ ಅಂಥದೇ ಹಲ್ಲು ಕಿರಿಯಬೇಕಿತ್ತು.

"ದಿಲ್ಲ್ಯಾಗ ಏನದನೋ? ರಾಜಾ ನಿನ್ನ ದಾರಿ ಕಾಯಾಕತ್ತಾನೇನು?" ಎಂದ ಮುತ್ತ್ಯಾ. "ಕೊಂಕಣದಾಗ ಸಮುದ್ರದ ನಡಕ ಕಿಲ್ಲೆ ಅದಂತ. ಉಪ್ಪುನೀರಾಗ ಗ್ವಾಡಿ ನಿಂತಾವ. ಏನು ಹಾಕಿ ಕಟ್ಟ್ಯಾರ, ನಾಲಿಗಿ ಹಚ್ಚಿ ನಾ ಹೇಳ್ತೀನಿ."

"ಹೇಳು ನೋಡೂಣು. ಹೇಳಿದ್ರ ನಾಳಿಂದ ನೀನ ಗೌಂಡಿ, ಬುಟ್ಟಿ ನಾ ಹೊರ್ತೀನಿ," ಎಂದು ಅಪ್ಪ ಕುಟುಕಿದ.

ಮುತ್ತ್ಯಾ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಅಂದಿನಿಂದಲೇ ತಂಬಾಕು ಬಿಟ್ಟ, ನಾಲಿಗೆ ಚೊಕ್ಕವಾಗಿರಲಿ ಎಂದು.

ಕೊನೆಗೆ ಮುತ್ತ್ಯಾ ಹೇಳಿದ ಕೋಟೆಗೇ ದೋಣಿಯಲ್ಲಿ ಹೋದೆವು. ಎಲ್ಲರೂ ಕಡಲಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮುತ್ತ್ಯಾ ಕಡಲನ್ನು ನೋಡಲೇ ಇಲ್ಲ. ರುಮಾಲು ಬಿಚ್ಚಿ ಅಪ್ಪನ ಕೈಗಿತ್ತು, ಕಲ್ಲಿನ ಸಂದಿಗೆ ಮುಖ ಒತ್ತಿ ನೆಕ್ಕಿದ. ನಾಲ್ಕು ಹೆಜ್ಜೆ ಸರಿದು ಮತ್ತೆ ನೆಕ್ಕಿದ. ಜನ ನಕ್ಕರು, ಒಬ್ಬ ಅವನದೇ ಫೋಟೋ ತೆಗೆದ. ಬಿಳಿ ಟೋಪಿಯ ಹುಡುಗಿಯೊಬ್ಬಳು, ಆ ಅಜ್ಜ ಯಾರು ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದಳು. "ಮಾಹೀತ ನಾಹೀ," ಎಂದೆ, ಗೊತ್ತಿಲ್ಲ ಎಂದು. ಹೇಳಿ, ಅವಳ ಮನೆಯವರ ಜೊತೆ, ಅವರವನೇ ಎಂಬಂತೆ, ಸ್ವಲ್ಪ ದೂರ ನಡೆದೆ. ಮುತ್ತ್ಯಾನಿಗೆ ಮರಾಠಿ ತಿಳಿಯುತ್ತಿತ್ತು. ಒಂದು ನೆನಪಿನಲ್ಲಿ ಅವನು ತಿರುಗಿ ನೋಡುತ್ತಾನೆ. ಇನ್ನೊಂದರಲ್ಲಿ ಗಾಳಿ ಜೋರಾಗಿದೆ, ಅವನಿಗೆ ಏನೂ ಕೇಳಿಸಿಲ್ಲ. ಎರಡನ್ನೂ ನಾನು ನಂಬುವುದಿಲ್ಲ. ಎರಡನೆಯದು ನನಗೆ ಅನುಕೂಲದ್ದು. ಅದನ್ನಂತೂ ನಂಬುವುದೇ ಇಲ್ಲ.

"ಏನಂತದ ಗ್ವಾಡಿ?" ಎಂದು ಅಪ್ಪ ಕೇಳಿದ. ನಗಲಿಲ್ಲ.

"ಬರೇ ಉಪ್ಪು," ಎಂದ ಮುತ್ತ್ಯಾ. "ಇಷ್ಟು ವರ್ಷದ ಸಮುದ್ರ ಮ್ಯಾಲ ಕುಂತದ. ಒಳಗಿಂದು ತಿಳೀವಲ್ದು."

ಕಡಲೊಳಗಿನ ಗೋಡೆ ಉಪ್ಪಾಗಿರುತ್ತದೆ ಎಂದು ಯಾವ ಮಗುವಾದರೂ ಹೇಳುತ್ತಿತ್ತು. ಕಣ್ಣಿಗಿಂತ ನಾಲಿಗೆಯನ್ನೇ ನಂಬಿ ಬದುಕಿದವನಿಗೆ ಅದು ಹೊಳೆದಿರಲಿಲ್ಲ. ಮರಳುವ ದೋಣಿಯಲ್ಲಿಯೇ ಒಬ್ಬರ ಬಳಿ ತಂಬಾಕು ಕೇಳಿ ಹಾಕಿಕೊಂಡ. ಕೆಲಸಕ್ಕೆ ಮರಳಿದ ದಿನ, ಅಪ್ಪ ಕೈ ಚಾಚುವ ಮೊದಲೇ ಬುಟ್ಟಿ ಎತ್ತಿಕೊಂಡ.

ಅವನಿಲ್ಲ, ಅಪ್ಪನಿಲ್ಲ, ತಗಡಿನ ಮನೆಯಿದ್ದ ಜಾಗವನ್ನು ಈಗ ಗುರುತಿಸಲಾರೆ. ವಾಡೆಯ ಅಂಗಳದಲ್ಲಿ, ಕಲಸಿಟ್ಟ ಗಾರೆಯ ತೊಟ್ಟಿಯಿಂದ ಚಿಟಿಕೆ ತೆಗೆದು ನಾಲಿಗೆಗೆ ಇಟ್ಟೆ. ಫೋನಿನಲ್ಲಿ ನಮ್ಮ ಕಡೆಯ ಕನ್ನಡ ಆಡುತ್ತಿದ್ದ ಗೌಂಡಿ ಮಾತು ನಿಲ್ಲಿಸಿ ನೋಡಿದ.

"ಹದಕ್ಕ ಬಂದದೇನ್ರಿ, ಸಾಹೇಬ್ರ?" ಎಂದು ನಕ್ಕ.

ನಾಲಿಗೆ ಉರಿಯುತ್ತಿತ್ತು, ಅಷ್ಟೇ. ಹದದ ರುಚಿ ಹೇಗಿರುತ್ತದೆ ಎಂದು ಆ ಬೇಸಿಗೆಗೆ ಮೊದಲು ಕೇಳಿದ್ದರೆ ಮುತ್ತ್ಯಾ ಹೇಳುತ್ತಿದ್ದ. ಆಮೇಲೆ ಅವನು ಗಾರೆಯನ್ನು ನಾಲಿಗೆಗೆ ಇಡಲೇ ಇಲ್ಲ.