ಕಟ್ಟೆಯ ಆ ತುದಿಗೆ ಮಗಳು

ಮೊನ್ನೆ ಅಡುಗೆಮನೆಯ ಅಟ್ಟ ಒರೆಸುವಾಗ ಹಳೆಯದೊಂದು ಸ್ಟೀಲ್ ಲೋಟ ಸಿಕ್ಕಿತು. ತಳದಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆ. ಸುರಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನದು. ಬೇರೆ ಯಾರೂ ತಪ್ಪಿ ಅದರಲ್ಲಿ ನೀರು ಕುಡಿಯಬಾರದೆಂದು ಅವಳೇ ಇಟ್ಟುಕೊಂಡಿದ್ದ ಗುರುತು. ನಮ್ಮ ಮನೆಗೆ ಯಾವಾಗ ಬಂತೋ...

ಪ್ರತಿ ಚಳಿಗಾಲ ಅವಳಿಗೆ ಜ್ವರ, ಕೆಮ್ಮು. ಒಮ್ಮೆ ಕೆಮ್ಮಿದಾಗ ಸೆರಗಿಗೆ ರಕ್ತ ಹತ್ತಿತು. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ; ಎಕ್ಸರೇಯಲ್ಲಿ ಕಲೆ ಇದೆಯೆಂದು ಟಿಬಿ ಗುಳಿಗೆ ಕೊಟ್ಟರು. ಅವು ಮುಗಿದ ಮೇಲೆ ಮತ್ತೆ ರಕ್ತ, ಮತ್ತೆ ಗುಳಿಗೆ. ಆಗ ಮಗಳಿನ್ನೂ ಅಂಗನವಾಡಿಗೆ ಹೋಗುವ ಕೂಸು. ಗಂಡ ಬೇಡವೆಂದರೂ ಕೇಳದೆ ಅಕ್ಕನೇ ಅವಳನ್ನು ಕೆಂಭಾವಿಯ ತನ್ನ ತವರಿಗೆ ಕಳಿಸಿಬಿಟ್ಟಳು.

ಹಬ್ಬಕ್ಕೆ ಮಗಳು ಬಂದರೆ ಮನೆ ಮುಂದಿನ ಕಟ್ಟೆಯ ಆ ತುದಿಗೆ ಅವಳು, ಈ ತುದಿಗೆ ತಾಯಿ. ಕೂಸು ಎದ್ದು ಓಡಿ ಬರಲು ನೋಡಿದರೆ, "ಅಲ್ಲೇ ಕೂಡು ಬಂಗಾರ. ಅಲ್ಲಿಂದನ ಮಾತಾಡು" ಎನ್ನುತ್ತಿದ್ದಳು. ತನ್ನ ತಲೆಗೆ ಎಣ್ಣೆ ಹಚ್ಚಲು ಹೋದ ನನ್ನನ್ನೂ ದೂರ ದೂಡುತ್ತಿದ್ದಳು. ನಾನು ಕೇಳುತ್ತಿರಲಿಲ್ಲ.

ಹೀಗೇ ವರ್ಷಗಳು ಹೋದವು. ಒಂದು ದಿನ ಬಾಯಿತುಂಬ ರಕ್ತ ಬಂದಾಗ ಕಲಬುರಗಿಗೆ ಕರೆದೊಯ್ದೆವು. ಅಲ್ಲಿ ಔಷಧ ಚುಚ್ಚಿ ಸ್ಕ್ಯಾನ್ ತೆಗೆದ ಮೇಲೆ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಎಡ ಶ್ವಾಸಕೋಶದ ಕೆಳಗಿನ ಒಂದು ತುಂಡು ಹುಟ್ಟಿನಿಂದಲೇ ಸರಿಯಾಗಿ ಕೂಡಿಕೊಂಡಿಲ್ಲ. ಉಸಿರಾಟಕ್ಕೆ ಅದು ಒದಗುವುದಿಲ್ಲ. ಅದಕ್ಕೆ ರಕ್ತವೂ ಎಲ್ಲರಿಗೆ ಬರುವ ದಾರಿ ಬಿಟ್ಟು, ದೊಡ್ಡ ರಕ್ತನಾಳದಿಂದ ಒಡೆದ ಬೇರೊಂದು ಕವಲಿನಿಂದ ಬರುತ್ತಿದೆ. ಇಂಥದ್ದು ಬಹಳ ಅಪರೂಪ; ಆ ಕಲೆ, ರಕ್ತ ಎಲ್ಲ ಅದರಿಂದಲೇ, ಟಿಬಿಯಿಂದಲ್ಲ.

ಅಕ್ಕ ಕೇಳಿದ್ದು ಒಂದೇ. "ಹಂಗಾರ ಇದು ಯಾರಿಗೂ ಹತ್ತೂದಿಲ್ಲೇನ್ರಿ?"

"ಹತ್ತಂಗಿಲ್ಲವ್ವ. ಇದು ನಿನ್ನ ಸಂಗಟನ ಹುಟ್ಟೈತಿ."

"ನಾ ಸುಮ್ನ ಮಗಳಿಗಿ ದೂರ ಇಟ್ಟೆ..." ಎಂದಳು ಅಕ್ಕ.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಕೆಮ್ಮು, ರಕ್ತ ಎರಡೂ ನಿಂತವು. ಊರಿಗೆ ಬಂದ ಮೇಲೆ ಮಗಳನ್ನು ಕರೆಸಿದಳು. ಅವಳಾಗಲೇ ಕಾಲೇಜು ಸೇರಿದ್ದಳು. "ಬಾ, ಹತ್ರ ಬಾ" ಎಂದು ಅಕ್ಕ ಕೈ ಚಾಚಿದಳು. ಹುಡುಗಿ ಬಂದು ಪಕ್ಕದಲ್ಲಿ ಕೂತಳು. ತಾಯಿ ಬೆನ್ನು ಸವರಿದರೆ ಮೈ ಬಿಗಿಹಿಡಿದಳು. ತುಸು ಹೊತ್ತಿಗೆ ನೀರು ಕುಡಿಯಲೆಂದು ಎದ್ದವಳು, ತಿರುಗಿ ಬಂದು ಕಟ್ಟೆಯ ಆ ತುದಿಗೇ ಕೂತಳು. ಬೇಕೆಂದು ಮಾಡಿದ್ದಲ್ಲ, ರೂಢಿ.

ಅವರಿಬ್ಬರಿಗೆ ಸಮಯ ಸಿಕ್ಕಿದ್ದರೆ... ಆದರೆ ಕೆಲವೇ ವರ್ಷಗಳಲ್ಲಿ ಕಾಮಾಲೆಯಾಗಿ ಅಕ್ಕ ತೀರಿಕೊಂಡಳು. ಆ ಎದೆಗೂ ಈ ಸಾವಿಗೂ ಸಂಬಂಧವಿರಲಿಲ್ಲ.

ನಿನ್ನೆ ಶಹಾಪುರಕ್ಕೆ ಹೋಗಿದ್ದೆ. ಅಕ್ಕನ ಮಗಳನ್ನು ಅಲ್ಲಿಗೇ ಕೊಟ್ಟಿದ್ದಾರೆ. ತನ್ನ ಕೂಸಿಗೆ ಸ್ನಾನ ಮಾಡಿಸಿ, ಟವೆಲ್ಲಿನಲ್ಲಿ ಸುತ್ತಿ, ಅದರ ನೆತ್ತಿಗೆ ಮೂಗು ಹಚ್ಚಿ ಕೂತಿದ್ದಳು. ಅದೂ ಇದೂ ಮಾತಾಡಿದ ಮೇಲೆ ತಲೆ ಎತ್ತದೆಯೇ ಕೇಳಿದಳು: "ಚಿಗವ್ವ, ನಮ್ಮವ್ವನ ಮೈ ವಾಸನಿ ಹೆಂಗಿತ್ತು?"

"ಕೊಬ್ಬರಿ ಎಣ್ಣಿದು, ಹುರಿದ ಶೇಂಗಾದ್ದು" ಎಂದೆ. "ಮುಂಜಾನಿ ರೊಟ್ಟಿಗಂತ ಶೇಂಗಾ ಹಿಂಡಿ ಕುಟ್ಟಾಕಿ, ಅದು ಸಂಜಿತನ ಸೀರಿಗಿ ಇರ್ತಿತ್ತು."

ಅವಳು ತಲೆಯಾಡಿಸಿದಳು.

"ನನಗ ಗೊತ್ತಿದ್ದಿಲ್ಲ" ಎಂದಳು.