ಶಿಶು ವಾರ್ಡಿಗೆ ಬಂದ ಪೈಲ್ವಾನ

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಪೈಲ್ವಾನ ಎಂದೇ ಕರೆಯುತ್ತಿದ್ದರು. ಅವನೇನೂ ಕುಸ್ತಿ ಆಡಿದವನಲ್ಲ, ಎಮರ್ಜೆನ್ಸಿಯಲ್ಲಿ ನರ್ಸ್. ಕುಡಿದು ಬಂದು ರಂಪ ಮಾಡುವವರನ್ನು ಒಂದು ಕೈಯಲ್ಲಿ ಮಂಚಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅವರ ಗಾಯಕ್ಕೆ ಬಟ್ಟೆ ಒತ್ತುವಷ್ಟು ಗಟ್ಟಿಗ. ಅಂಬ್ಯುಲೆನ್ಸಿನ ಸದ್ದು ಕೇಳಿದರೆ ಸಾಕು, ಬಾಯಲ್ಲಿದ್ದ ತುತ್ತನ್ನು ಹಾಗೇ ನುಂಗಿ ಸ್ಟ್ರೆಚರ್ ಎಳೆದುಕೊಂಡು ಓಡುತ್ತಿದ್ದ.

ಒಂದು ದಿನ ಭಾರೀ ಮೈಯ ರೋಗಿಯೊಬ್ಬ ಸ್ಟ್ರೆಚರಿನಿಂದ ಜಾರಿದಾಗ ಪೈಲ್ವಾನ ತಬ್ಬಿ ಹಿಡಿದ. ರೋಗಿ ಉಳಿದ, ಪೈಲ್ವಾನನ ಸೊಂಟ ಉಳುಕಿತು. ಇನ್ನು ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು. ಹಾಗಾಗಿ ಅವನನ್ನು ಮೇಲಿನ ಮಹಡಿಗೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಹಾಕಿದರು.

ಸುದ್ದಿ ಕೇಳಿ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. "ಬಾಟ್ಲಿ ಮುಚ್ಚಳ ತೆಗೆಯೋಕೆ ಹೋಗಿ ಬಾಟ್ಲಿನೇ ಒಡೆಯೋರು ನೀವು. ಆ ಕೂಸುಗಳ ಗತಿ ಏನ್ರೀ?"

"ನನ್ನ ಗತಿ ಏನು ಅಂತ ಕೇಳೇ ಮೊದಲು!"

ಅವನ ಭಯ ಸುಳ್ಳಾಗಲಿಲ್ಲ. ಅಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಮಲಗಿದ್ದವು. ಅವುಗಳ ತೊಡೆ ಅವನ ಹೆಬ್ಬೆರಳಿನಷ್ಟು ದಪ್ಪವಿರಲಿಲ್ಲ. ಕೂದಲೆಳೆಯಂಥ ನರಕ್ಕೆ ಸೂಜಿ ಹಾಕಲು ಹೋಗಿ ಮೊದಲ ದಿನವೇ ಸೋತ. ಮಾನಿಟರ್ ಕೂಗಿದಾಗಲೆಲ್ಲ ಹಳೆಯ ಅಭ್ಯಾಸದಂತೆ ದಡದಡ ಓಡಿ ಬರುತ್ತಿದ್ದ. ಆ ಸದ್ದಿಗೆ ಪಕ್ಕದ ಮಗು ಬೆಚ್ಚಿ ಅಳುತ್ತಿತ್ತು.

ಹೆಡ್ ಸಿಸ್ಟರ್ ಅವನ ಎದೆಮಟ್ಟಕ್ಕೂ ಬಾರದ ಹೆಂಗಸು. "ಏನ್ರೀ ಇದು, ಮನೆಗೆ ಬೆಂಕಿ ಬಿದ್ದೋರ ಥರ ಓಡ್ತೀರಿ?" ಎಂದು ಗದರಿದಳು. "ಮಷಿನ್ ಕೂಗಿದ್ರೆ ಮೊದಲು ಮಗು ಮುಖ ನೋಡಿ. ಬಣ್ಣ ನೋಡಿ, ಎದೆ ನೋಡಿ. ಆಮೇಲೆ ಕೈ ಹಾಕಿ."

ಅವನು ಮೆಲ್ಲಗೆ ನಡೆಯುವುದನ್ನು ಕಲಿತ. ಮಗುವಿನ ಮೈ ಮುಟ್ಟುವ ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳುವುದನ್ನು, ಹಾಲನ್ನು ಮೂಗಿಗೆ ಹಾಕಿದ ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸುವುದನ್ನು ಕಲಿತ. ಸೂಜಿ ಮಾತ್ರ ಬಹಳ ದಿನ ಸತಾಯಿಸಿತು. ಕೊನೆಗೊಮ್ಮೆ ಒಂದೇ ಪ್ರಯತ್ನಕ್ಕೆ ನರ ಸಿಕ್ಕಾಗ, ಶಿಳ್ಳೆ ಹಾಕಬೇಕೆನಿಸಿದರೂ ತುಟಿ ಪಿಟಕ್ಕೆನ್ನದೆ ನಿಂತಿದ್ದ.

ಆ ವಾರವೇ ಪುಟಾಣಿ ಹೆಣ್ಣುಮಗುವೊಂದು ಬಂತು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ತಾಯಿ ಕೆಳಗಿನ ವಾರ್ಡಿನಲ್ಲಿ ಮಲಗಿದ್ದಳು. ಬಾಗಿಲಲ್ಲಿ ಕಾಯುತ್ತಿದ್ದವಳು ತಾಯಿಯ ತಾಯಿ. ಪೈಲ್ವಾನನನ್ನು ಕಂಡದ್ದೇ ಆ ಅಜ್ಜಿ ಹುಬ್ಬು ಗಂಟಿಕ್ಕಿದಳು.

"ಗಂಡಸಿನ ಕೈಗೆ ಕೂಸು ಕೊಡೋದಾ? ಅದೂ ಇಷ್ಟು ದಪ್ಪ ಕೈಗೆ? ಬೇರೆ ಯಾರೂ ಇಲ್ವೇನಮ್ಮಾ ಇಲ್ಲಿ?"

ಹೆಡ್ ಸಿಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಪೈಲ್ವಾನನೇ ಹೇಳಿದ: "ಅಜ್ಜಿ, ಭಯ ಆಗೋದು ಸಹಜ. ನನಗೂ ಆಗಿತ್ತು. ಕೈ ತೊಳೆದು ಬನ್ನಿ, ಪಕ್ಕದಲ್ಲೇ ಕೂತು ನೋಡಿ. ತಪ್ಪು ಕಂಡ್ರೆ ಬೈಯಿರಿ."

ಅಜ್ಜಿ ಬಂದು ಕೂತಳು. ಕಣ್ಣಲ್ಲಿ ಕಣ್ಣಿಟ್ಟು ಕಾದಳು, ಮೊಮ್ಮಗಳನ್ನಲ್ಲ, ಪೈಲ್ವಾನನನ್ನು.

ಮಧ್ಯಾಹ್ನದ ಹೊತ್ತಿಗೆ ಮಾನಿಟರ್ ಕೂಗಿತು. ಅವನು ಮಗುವಿನ ಮುಖ ನೋಡಿದ. ತುಟಿ ನೀಲಿಗಟ್ಟುತ್ತಿತ್ತು, ಎದೆ ಅಲುಗುತ್ತಿರಲಿಲ್ಲ. ಇಷ್ಟು ಎಳೆಯ ಮಕ್ಕಳು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಅಂಗಾಲು ತಿಕ್ಕಿದ, ಬೆನ್ನು ನೇವರಿಸಿದ. ಉಸಿರು ಬರಲಿಲ್ಲ. ಅಜ್ಜಿ ಕೂತಲ್ಲಿಂದ ಎದ್ದು ನಿಂತಳು.

"ಸಿಸ್ಟರ್, ಡಾಕ್ಟರನ್ನ ಕರೀರಿ," ಎಂದ, ದನಿ ಏರಿಸದೆ. ಮಗುವಿನ ತಲೆ ಸರಿಮಾಡಿ, ಪುಟ್ಟ ಮಾಸ್ಕನ್ನು ಮುಖಕ್ಕಿಟ್ಟು, ಉಸಿರು ತುಂಬುವ ಚೀಲವನ್ನು ಬೆರಳ ತುದಿಯಲ್ಲಿ ಒತ್ತತೊಡಗಿದ. ಜೋರಾದರೆ ಶ್ವಾಸಕೋಶಕ್ಕೆ ಪೆಟ್ಟು, ಸಾಲದಿದ್ದರೆ ಗಾಳಿಯೇ ಹೋಗದು. ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಎಳೆಯ ಎದೆ ಹದವಾಗಿ ಏಳತೊಡಗಿತು. ತುಟಿಗೆ ಕೆಂಪು ಮರಳಿತು. ಡಾಕ್ಟರು ಬಂದು ನಿಲ್ಲುವ ಹೊತ್ತಿಗೆ ಮಗು ಮುಖ ಕಿವುಚಿ, ತಾನೇ ಉಸಿರೆಳೆದುಕೊಂಡು, ಬೆಕ್ಕಿನ ಮರಿಯ ಹಾಗೆ ಅತ್ತಿತು.

"ಭೇಷ್!" ಎಂದರು ಡಾಕ್ಟರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಊಟ ಆಯ್ತೇನಪ್ಪಾ ನಿಂದು?" ಎಂದು ಕೇಳಿದಳು.

ಅಂದಿನಿಂದ ಅವಳದು ಬೇರೆಯೇ ವರಸೆ. ಅವನಿಗೆ ವಾರದ ರಜೆ ಬಂದರೆ ಹೆಡ್ ಸಿಸ್ಟರನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು: "ಅವನಿಗ್ಯಾಕಮ್ಮಾ ರಜೆ ಕೊಟ್ರಿ?"

ಮಗು ತೂಕ ಹಿಡಿಯಿತು. ತಾಯಿ ಗಾಲಿಕುರ್ಚಿಯಲ್ಲಿ ಬಂದ ದಿನ ಪೈಲ್ವಾನನೇ ಮಗುವನ್ನು ತಂತಿಗಳ ಸಮೇತ ಎತ್ತಿ ಅವಳ ಎದೆಯ ಮೇಲೆ ಮಲಗಿಸಿದ. "ನಾನು ಮುಟ್ಟಬಹುದಾ?" ಎಂದು ತಾಯಿ ಕೇಳಿದಳು.

"ನಿಮ್ಮ ಮಗಳಮ್ಮಾ. ನಾವೆಲ್ಲ ಕಾವಲಿಗಿದ್ದೋರು, ಅಷ್ಟೇ."

ಮನೆಗೆ ಹೊರಟ ಬೆಳಿಗ್ಗೆ ಆ ಮಗು ಬಾಗಿಲಲ್ಲಿ ಬಾಯಿಬಿಟ್ಟು ಕಿರುಚಿದ ರಭಸಕ್ಕೆ ಕಾರಿಡಾರಿನ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ಅಜ್ಜಿ ಹೆಮ್ಮೆಯಿಂದ ಬೀಗಿದಳು. ಪೈಲ್ವಾನ ತಡೆಯಲಾಗದೆ ಚಪ್ಪಾಳೆ ತಟ್ಟಿದ. ಉಳಿದ ನರ್ಸುಗಳೂ ತಟ್ಟಿದರು. ಒಳಗೆ ಮಲಗಿದ್ದ ಮಕ್ಕಳೆಲ್ಲ ಎದ್ದು ಒಟ್ಟಿಗೇ ರಾಗ ಎಳೆದವು.

ಹೆಡ್ ಸಿಸ್ಟರ್ ಕಣ್ಣು ಕೆಂಪಗೆ ಮಾಡಿಕೊಂಡು ತಿರುಗಿದಳು. ಬೈಯಲು ಬಾಯಿ ತೆರೆದವಳಿಗೆ ನಗುವೇ ಬಂತು. "ಎಬ್ಬಿಸಿದೋರೇ ಮಲಗಿಸಬೇಕು," ಎಂದಳು. ಪೈಲ್ವಾನ ಅಂಗಿಯ ತೋಳು ಮಡಚಿಕೊಂಡು ಕೈ ತೊಳೆಯಲು ಹೊರಟ.